'ಓ ಅಲ್ಲೇ ಇದೆ ನೋಡಿ' ಅಂದರೆ ಎಲ್ಲಿ? ಕಣ್ಣು ಕಾಣದವಳೊಬ್ಬಳಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸಿನಲ್ಲಿ, ಆಟೋದಲ್ಲಿ, ಮದುವೆಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ನನಗೆ ಅವೇ ಪ್ರಶ್ನೆಗಳು ಬರುತ್ತಿವೆ. ಉತ್ತರಗಳೂ ಬಾಯಿಪಾಠ ಆಗಿಹೋಗಿವೆ. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಕೂತಿದ್ದೇನೆ. ನನ್ನೂರು ತೀರ್ಥಹಳ್ಳಿ ಕಡೆ. ಈಗ ಇರುವುದು ಶಿವಮೊಗ್ಗದಲ್ಲಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಇಲ್ಲಿ ಹೇಳಿರುವುದು ನನ್ನ ಅನುಭವ. ಇನ್ನೊಬ್ಬರನ್ನು ಕೇಳಿದರೆ ಅವರದ್ದು ಬೇರೆಯೇ ಇರಬಹುದು.

ನಿಮಗೆ ಪೂರ್ತಿ ಕಾಣಿಸೋದಿಲ್ವಾ, ಸ್ವಲ್ಪ ಕಾಣಿಸುತ್ತಾ?

ಸ್ವಲ್ಪ ಕಾಣಿಸುತ್ತದೆ. ಆದರೆ ಈ 'ಸ್ವಲ್ಪ' ಎಷ್ಟು ಅಂತ ವಿವರಿಸುವುದೇ ಕಷ್ಟ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂದಿನ ಪರದೆಯಲ್ಲಿ ಮಬ್ಬು ಬೆಳಕಿಗೆ ಕೆಲಸ ಮಾಡುವ ಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಇದು ಇರುಳುಗುರುಡಿನಿಂದ ಶುರುವಾಗುತ್ತದೆ. ಆಮೇಲೆ ಅಂಚಿನಿಂದ ನೋಟ ಕಿರಿದಾಗುತ್ತಾ ಬರುತ್ತದೆ. ಮೊದಲು ಬಳೆಯೊಳಗಿಂದ ನೋಡಿದ ಹಾಗಿತ್ತು. ಈಗ ಉಂಗುರದೊಳಗಿಂದ ನೋಡಿದ ಹಾಗಿದೆ. ಚಿಕ್ಕವಳಿದ್ದಾಗ ಸಂಜೆ ಹೊತ್ತು ಕೊಟ್ಟಿಗೆಗೆ ಹೋಗುವಾಗ ಎಡವುತ್ತಿದ್ದೆ. ಕಣ್ಣಿಗೆ ಒಳ್ಳೇದು ಅಂತ ಅಜ್ಜಿ ವಾರಗಟ್ಟಲೆ ಹೊನಗೊನೆ ಸೊಪ್ಪಿನ ಪಲ್ಯ ತಿನ್ನಿಸಿದರು. ಎ ಜೀವಸತ್ವ ಕಡಿಮೆಯಾಗಿ ಬರುವ ಇರುಳುಗುರುಡಿಗೆ ಸೊಪ್ಪು, ತರಕಾರಿ ಉಪಯೋಗಕ್ಕೆ ಬರುತ್ತವೆ. ನನ್ನದು ಹುಟ್ಟಿನಿಂದ ರಕ್ತದಲ್ಲೇ ಬಂದದ್ದು. ಪಲ್ಯ ಮಾತ್ರ ರುಚಿಯಾಗಿತ್ತು.

ಕಾನೂನಿನಲ್ಲಿ ಇದಕ್ಕೆಲ್ಲ ಅಳತೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ನಮಗೆ 3 ಮೀಟರ್ ಹತ್ತಿರ ಹೋದರೂ ಕಾಣುವುದಿಲ್ಲ. ನೋಟದ ಅಗಲ 10 ಡಿಗ್ರಿಗಿಂತ ಕಡಿಮೆ ಇದ್ದರೂ ಅಂಧತ್ವವೇ. 6/18ರಿಂದ 3/60ರವರೆಗಿನದ್ದು, ಅಥವಾ 40ರಿಂದ 10 ಡಿಗ್ರಿವರೆಗಿನದ್ದು ಮಂದದೃಷ್ಟಿ.

ನನ್ನ ತೊಂದರೆ ನೋಟದ ಅಗಲದ್ದು. ಉಂಗುರದೊಳಗೆ ಸಿಕ್ಕ ಅಕ್ಷರವನ್ನು ಹಗಲು ಬೆಳಕಿನಲ್ಲಿ ಓದಬಲ್ಲೆ. ಕಾಲ ಬುಡದಲ್ಲಿರುವ ಬಕೆಟ್ಟು ಕಾಣುವುದಿಲ್ಲ. ಅದಕ್ಕೇ ಜನಕ್ಕೆ ಅನುಮಾನ. 'ಪೇಪರ್ ಓದ್ತಾಳೆ, ಕೋಲು ಬೇರೆ ಹಿಡ್ಕೊಂಡಿದಾಳೆ, ಎಂತ ನಾಟಕ ಮಾರಾಯ್ತಿ' ಅನ್ನುವುದು ನನಗೆ ಕೇಳಿಸುತ್ತದೆ. ಕಿವಿ ಸರಿಯಿದೆ. ಇನ್ನು ಕೆಲವರಿಗೆ ಇದರ ಉಲ್ಟಾ. ನೋಟದ ನಡುಭಾಗ ಹೋಗಿರುತ್ತದೆ, ಅಂಚು ಉಳಿದಿರುತ್ತದೆ. ಅವರು ಸಲೀಸಾಗಿ ನಡೆಯುತ್ತಾರೆ, ಆದರೆ ಎದುರು ನಿಂತವರ ಮುಖ ಗೊತ್ತಾಗುವುದಿಲ್ಲ. ಊರಿನವರು ಅವರಿಗೆ ಸೊಕ್ಕು ಅನ್ನುತ್ತಾರೆ.

ದಯವಿಟ್ಟು ಬೆರಳು ತೋರಿಸಿ 'ಇದು ಎಷ್ಟು ಹೇಳಿ' ಅನ್ನಬೇಡಿ. ಆ ಪರೀಕ್ಷೆ ಡಾಕ್ಟರು ಮಾಡಿ ಮುಗಿಸಿದ್ದಾರೆ.

ಕೋಲು ಯಾಕೆ? ಯಾರಾದರೂ ಜೊತೆಗೆ ಬಂದರೆ ಸಾಲದಾ?

ಯಾರಾದರೂ ಅಂದರೆ ಯಾರು? ತಮ್ಮನಿಗೆ ತೋಟ ಇದೆ, ಗಂಡನಿಗೆ ಕೆಲಸ ಇದೆ. ಒಂದು ಕಟ್ಟು ಕೊತ್ತಂಬರಿ ತರಲು ಇನ್ನೊಬ್ಬರ ಬಿಡುವು ಕಾಯುವುದು ಎಂಥ ಬದುಕು ಅಂತ ಒಂದು ವಾರ ಮಾಡಿ ನೋಡಿ.

ನಾನು ಕೋಲು ಹಿಡಿದದ್ದು 27ನೇ ವಯಸ್ಸಿಗೆ. ಹತ್ತು ವರ್ಷ ತಡ ಅನ್ನಬೇಕು. 'ಎಲ್ಲರಿಗೂ ಗೊತ್ತಾಗುತ್ತೆ, ಆಮೇಲೆ ಸಂಬಂಧ ಬರೋದಿಲ್ಲ' ಅಂತ ಅಮ್ಮನಿಗೆ ಭಯ. ನನಗೂ ನಾಚಿಕೆ. ಒಂದು ಸಂಜೆ ಕಾಲೇಜು ಬಿಟ್ಟು ಬರುವಾಗ ಚಪ್ಪಡಿ ತೆಗೆದಿಟ್ಟ ಚರಂಡಿಗೆ ಸೊಂಟದವರೆಗೆ ಇಳಿದೆ. ಎತ್ತಿದವರು ಕೇಳಿದ ಮೊದಲ ಮಾತು, 'ನೋಡ್ಕೊಂಡು ಬರೋಕೆ ಆಗಲ್ವಾ?' ಮನೆಗೆ ಬಂದು ಸೀರೆ ನೆನೆಸಿಟ್ಟೆ. ಮರುದಿನವೇ ಕೋಲು ತರಿಸಲು ಹೇಳಿದೆ. ಅದಾದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿಲ್ಲ. ಬಿಳಿ ಕೋಲಿನ ಅರ್ಧ ಕೆಲಸ ದಾರಿ ಹುಡುಕುವುದು. ಇನ್ನರ್ಧ, 'ಇವಳಿಗೆ ಕಾಣಿಸೋದಿಲ್ಲ' ಅಂತ ಎದುರಿನವರಿಗೆ ನನ್ನ ಪರವಾಗಿ ಹೇಳುವುದು.

ಬಳಸುವುದಕ್ಕೂ ಒಂದು ಲೆಕ್ಕ ಇದೆ. ನೆಟ್ಟಗೆ ನಿಲ್ಲಿಸಿದರೆ ಕೋಲು ಎದೆಮಟ್ಟಕ್ಕೆ ಬರಬೇಕು. ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಬೀಸಬೇಕು. ಬಲಗಾಲು ಮುಂದಿಟ್ಟಾಗ ಕೋಲು ಎಡಕ್ಕೆ, ಎಡಗಾಲು ಇಟ್ಟಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಆದರೆ ಎದೆಯಿಂದ ಮೇಲಿನದ್ದು ಅದಕ್ಕೆ ಗೊತ್ತಾಗುವುದಿಲ್ಲ. ಲಾರಿಯಿಂದ ಹೊರಚಾಚಿದ ಕಬ್ಬಿಣದ ಸರಳು, ತಗ್ಗಿನಲ್ಲಿ ಕಟ್ಟಿದ ಫ್ಲೆಕ್ಸು, ಅಂಗಡಿ ಮುಂದೆ ನೇತುಹಾಕಿದ ಬಾಳೆಗೊನೆ. ಬಾಳೆಗೊನೆ ಪರವಾಗಿಲ್ಲ, ಮೆತ್ತಗಿರುತ್ತದೆ.

ನಿಮ್ಮನ್ನು ಏನಂತ ಕರೀಬೇಕು? 'ಕುರುಡಿ' ಅಂದರೆ ಬೇಜಾರಾ?

ಹೆಸರಿದೆ, ಹೆಸರು ಹಿಡಿದು ಕರೆಯಿರಿ. ಕಾಗದಪತ್ರದಲ್ಲಿ ಅಂಧ, ದೃಷ್ಟಿಹೀನ, ವಿಶೇಷಚೇತನ ಅಂತೆಲ್ಲ ಬರೆಯುತ್ತಾರೆ. ನನಗೆ 'ಕಣ್ಣು ಕಾಣದವರು' ಅನ್ನುವುದು ಹಿತ. ಕುರುಡು ಅನ್ನುವ ಪದಕ್ಕಿಂತ ಅದನ್ನು ಹೇಳುವ ದನಿ ಚುಚ್ಚುತ್ತದೆ. 'ಕುರುಡು ಕಾನೂನು', 'ಕುರುಡು ನಂಬಿಕೆ' ಅಂತ ಬುದ್ಧಿ ಇಲ್ಲದ್ದಕ್ಕೆಲ್ಲ ನಮ್ಮ ಹೆಸರಿಡುವುದು ಬಿಟ್ಟರೆ ಸಾಕು.

ಇನ್ನು ನನ್ನೆದುರು 'ನೋಡು' ಅನ್ನುವ ಪದ ಬಂದರೆ ನಾಲಿಗೆ ಕಚ್ಚಿಕೊಳ್ಳುವವರಿದ್ದಾರೆ. 'ನಿನ್ನೆ ಧಾರಾವಾಹಿ ನೋಡಿ... ಅಯ್ಯೋ ಸಾರಿ ಮೇಡಂ.' ಹಾಗೇನೂ ಬೇಡ. ನಾನೂ ಧಾರಾವಾಹಿ 'ನೋಡುತ್ತೇನೆ'. ಕನ್ನಡದ 'ನೋಡು' ಬಹಳ ಉದಾರಿ. ರುಚಿ ನೋಡು, ಮೂಸಿ ನೋಡು, ಮುಟ್ಟಿ ನೋಡು, ಕೇಳಿ ನೋಡು, ಮಾಡಿ ನೋಡು. ನಮ್ಮ ಭಾಷೆಯಲ್ಲಿ ನೋಡುವುದಕ್ಕೆ ಕಣ್ಣೇ ಬೇಕು ಅಂತ ಯಾವತ್ತೂ ಇರಲಿಲ್ಲ.

ತೊಂದರೆ ಕೊಡುವ ಪದ ಬೇರೆ ಇದೆ. ಅದು 'ಅಲ್ಲಿ'.

'ಅಲ್ಲಿ' ಅಂದರೆ ಏನು ತೊಂದರೆ?

'ಇಲ್ಲಿ ಝೆರಾಕ್ಸ್ ಅಂಗಡಿ ಎಲ್ಲಿದೆ?' ಅಂತ ಕೇಳುತ್ತೇನೆ. 'ಓ ಅಲ್ಲೇ ಐತಲ್ಲ ನೋಡಿ' ಅನ್ನುತ್ತಾರೆ. ಕೈ ಎತ್ತಿ ತೋರಿಸಿರುತ್ತಾರೆ ಅಂತ ಬಟ್ಟೆಯ ಸದ್ದಿನಿಂದ ಗೊತ್ತಾಗುತ್ತದೆ. ಯಾವ ಕಡೆಗೆ ಅಂತ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಕೇಳಿದರೆ ಅದನ್ನೇ ಜೋರಾಗಿ ಹೇಳುತ್ತಾರೆ: 'ಅಲ್ಲೇ!' ಜೋರಾಗಿ ಹೇಳಿದರೆ 'ಅಲ್ಲಿ' ಇಲ್ಲಿಗೆ ಬರುವುದಿಲ್ಲ.

ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರು ಒಮ್ಮೆ ಹೇಳಿದ ದಾರಿ ನನಗೆ ಇನ್ನೂ ನೆನಪಿದೆ. 'ಅಕ್ಕಾ, ಹಿಂಗೇ ನೆಟ್ಟಗೆ ಹೋಗು. ಕಾಫಿಪುಡಿ ವಾಸನೆ ಬರ್ತದೆ. ಅದು ದಾಟಿ ಎರಡು ಅಂಗಡಿ. ಎರಡು ಮೆಟ್ಲು ಹತ್ತಬೇಕು, ಎರಡನೇದು ಸ್ವಲ್ಪ ಎತ್ತರ.' ಎರಡನೇ ಮೆಟ್ಟಿಲು ನಿಜವಾಗಿಯೂ ಎತ್ತರ ಇತ್ತು.

ಎಡ, ಬಲ, ಎಷ್ಟು ಹೆಜ್ಜೆ, ಕಾಲಿಗೆ ಏನು ಸಿಗುತ್ತದೆ, ಮೂಗಿಗೆ ಏನು ಬರುತ್ತದೆ. ಇಷ್ಟು ಹೇಳಿದರೆ ಸಾಕು. ಎಡಬಲ ಹೇಳುವಾಗ ನನ್ನ ಎಡ, ನನ್ನ ಬಲ ಅಂತ ನೆನಪಿರಲಿ. ನೀವು ನನ್ನ ಎದುರು ನಿಂತಿರುತ್ತೀರಿ.

ಮಲೆನಾಡಿನ ಮಳೆಗಾಲದಲ್ಲಿ ಹೇಗೆ ಓಡಾಡ್ತೀರಿ?

ಇದಕ್ಕೆ ಉದ್ದ ಉತ್ತರ ಬೇಕು.

ಸಣ್ಣ ಮಳೆ ನನಗೆ ಇಷ್ಟ. ಅದು ಬಿದ್ದಲ್ಲೆಲ್ಲ ಸದ್ದು ಮಾಡಿ ವಸ್ತುಗಳನ್ನು ತೋರಿಸಿಕೊಡುತ್ತದೆ. ಊರಿನ ಮನೆಯ ಜಗಲಿಯಲ್ಲಿ ಕೂತರೆ ಎಡಕ್ಕೆ ಹಂಚಿನಿಂದ ಇಳಿದ ನೀರು ಅಂಗಳದ ಕಲ್ಲಿಗೆ ಬೀಳುವುದು ಕೇಳುತ್ತದೆ. ಬಲಕ್ಕೆ ಕೊಟ್ಟಿಗೆಯ ತಗಡಿನ ಮಾಡು, ಅದು ಟಣಟಣ ಅನ್ನುತ್ತದೆ. ಅದರಾಚೆ ಬಾಳೆ ಎಲೆ, ಪಟಪಟ. ಇನ್ನೂ ಆಚೆ ತೋಟದಲ್ಲಿ ಬಿದ್ದಿರುವ ಅಡಕೆ ಹಾಳೆಗಳ ಮೇಲೆ ಬೀಳುವ ಮಂದ ಸದ್ದು. ಬಿಸಿಲಿನ ದಿನ ಇದ್ಯಾವುದೂ ನನಗೆ ಕಾಣಿಸುವುದಿಲ್ಲ. ಮಳೆ ಬಂದಾಗ ಇಡೀ ಅಂಗಳ ಎದುರಿಗೆ ಬಂದು ನಿಲ್ಲುತ್ತದೆ.

ಜೋರು ಮಳೆ ಬೇರೆ ಕತೆ. ಜುಲೈ ತಿಂಗಳಲ್ಲಿ ಆಗುಂಬೆ ಸೀಮೆಯ ಮಳೆ ಹಿಡಿಯಿತು ಅಂದರೆ ಎಲ್ಲ ಸದ್ದೂ ಒಂದೇ ಆಗಿಬಿಡುತ್ತದೆ. ನಿಮಗೆ ಮಂಜು ಕವಿದ ಹಾಗೆ ನನಗೆ ಈ ಮಳೆ. ಬರುವ ವಾಹನ ಕೇಳುವುದಿಲ್ಲ, ಕೋಲಿನ ತುದಿಯ ಸದ್ದೂ ಕೇಳುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು. ಬ್ಯಾಗು ಜಾರಿದರೆ ಸರಿಮಾಡಲು ಮೂರನೇ ಕೈ ಇಲ್ಲ. ಅದಕ್ಕೆ ನಾನು ಕೊಡೆ ಬಿಟ್ಟು ರೈನ್‌ಕೋಟ್ ಹಾಕುತ್ತೇನೆ. ಟೋಪಿ ಮಾತ್ರ ಕಿವಿ ಮುಚ್ಚದ ಹಾಗೆ ಹಿಂದಕ್ಕೆ ತಳ್ಳಿಕೊಂಡಿರುತ್ತೇನೆ. ತಲೆ ಒದ್ದೆಯಾಗುತ್ತದೆ. ಆಗಲಿ, ಕಿವಿ ಮುಚ್ಚಿಕೊಂಡು ನಡೆಯಲು ಆಗುವುದಿಲ್ಲ.

ಊರಿಗೆ ಹೋದರೆ ಕಾಲುಸಂಕ ಇದೆ. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಮರದ ದಿಮ್ಮಿ, ಹಿಡಿಯಲು ಒಂದೇ ಕಡೆ ಬಿದಿರಿನ ಗಳ. ಚಿಕ್ಕಂದಿನಿಂದ ದಾಟಿದ್ದರಿಂದ ಕಾಲಿಗೆ ಅದರ ಗುರುತಿದೆ. ಚಪ್ಪಲಿ ಕೈಗೆ ತೆಗೆದುಕೊಂಡು ಬರಿಗಾಲಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತೇನೆ. ಪಾಚಿ ಕಟ್ಟಿದೆಯೋ ಇಲ್ಲವೋ ಅಂಗಾಲಿಗೆ ಮೊದಲೇ ತಿಳಿಯುತ್ತದೆ. ಹಳ್ಳ ತುಂಬಿ ಹರಿಯುವಾಗ ಮಾತ್ರ ದಾಟುವುದಿಲ್ಲ. ಸರಿಯಾಗಿ ಕಣ್ಣು ಕಾಣುವವರೂ ದಾಟಬಾರದು.

ಉಂಬಳ (ಜಿಗಣೆ) ಕಚ್ಚಿದ್ದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅದರಲ್ಲಿ ನಾವೆಲ್ಲ ಒಂದೇ.

ಯಾವ ಬಸ್ಸು ಅಂತ ಹೇಗೆ ಗೊತ್ತಾಗುತ್ತೆ?

ಬೋರ್ಡು ಓದಲು ಆಗುವುದಿಲ್ಲ. ಆದರೆ ನಮ್ಮ ಕಡೆಯ ಖಾಸಗಿ ಬಸ್ಸಿನವರು ಪುಣ್ಯಾತ್ಮರು. 'ತೀರ್ಥಳ್ಳಿ ತೀರ್ಥಳ್ಳಿ ತೀರ್ಥಳ್ಳಿ', 'ಸಾಗ್ರ ಸಾಗ್ರ' ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ದೊಡ್ಡ ಊರುಗಳಲ್ಲಿ ಇದನ್ನೇ ಮೈಕಿನಲ್ಲಿ ಹೇಳಿಸಲು ಯೋಜನೆ ಮಾಡಬೇಕಾಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಣ್ಣು ಕಾಣದವರಿಗೆ ಉಚಿತ ಪಾಸ್ ಇದೆ, 2023ರ ಜೂನ್‌ನಿಂದ ಹೆಂಗಸರಿಗೆ ಹೇಗೂ ಟಿಕೆಟ್ಟಿಲ್ಲ. ಮಲೆನಾಡಿನ ಒಳಗಿನ ಎಷ್ಟೋ ದಾರಿಗೆ ಇರುವುದು ಖಾಸಗಿ ಬಸ್ಸೇ ಆದ್ದರಿಂದ ಜೇಬಿನಲ್ಲಿ ಪಾಸಿದ್ದರೂ ದುಡ್ಡು ಕೊಟ್ಟು ಹೋಗುತ್ತೇವೆ.

ಒಮ್ಮೆ ಸ್ಟ್ಯಾಂಡಿನಲ್ಲಿ ಯಾರೋ ದೊಡ್ಡವರು ಕೇಳದೆಯೇ ನನ್ನ ಕೈಹಿಡಿದು ಬಸ್ಸು ಹತ್ತಿಸಿದರು. ಕಿಟಕಿ ಪಕ್ಕ ಕೂರಿಸಿ, ಬ್ಯಾಗು ಮೇಲಿಟ್ಟು, 'ಹುಷಾರಮ್ಮ' ಅಂತ ಹೇಳಿ ಇಳಿದರು. ಅರ್ಧ ಗಂಟೆ ಆಯಿತು. ಗಾಜನೂರು ದಾಟಿ ತೀರ್ಥಹಳ್ಳಿ ದಾರಿಯ ತಿರುವುಗಳು ಶುರುವಾಗಬೇಕಿತ್ತು. ಮೈ ಆಚೀಚೆ ವಾಲಲೇ ಇಲ್ಲ, ಬಸ್ಸು ನೆಟ್ಟಗೆ ಓಡುತ್ತಿತ್ತು. ಕೇಳಿದರೆ ಅದು ಭದ್ರಾವತಿ ಬಸ್ಸು. ಅವರ ಮನಸ್ಸು ಒಳ್ಳೆಯದೇ. 'ಎಲ್ಲಿಗೆ ಹೋಗ್ಬೇಕು?' ಅಂತ ಒಂದು ಮಾತು ಕೇಳಿದ್ದರೆ ಆಗಿತ್ತು.

ಇಳಿಯುವ ಜಾಗ ಮೈಗೆ ಗೊತ್ತಾಗುತ್ತದೆ. ತಿರುವುಗಳ ಲೆಕ್ಕ, ಹಂಪು, ಸೇತುವೆ ಮೇಲೆ ಬದಲಾಗುವ ಸದ್ದು. ಮಳೆಗಾಲದಲ್ಲಿ ಮಂಡಗದ್ದೆ ಬಂದದ್ದು ಹೊಳೆ ಕಡೆಯಿಂದ ಬರುವ ಹಕ್ಕಿಗಳ ಗದ್ದಲಕ್ಕೆ, ವಾಸನೆಗೆ ತಿಳಿಯುತ್ತದೆ. ನಿದ್ದೆ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಗ ಕಂಡಕ್ಟರೇ ಗತಿ.

ಹೊಸ ತಲೆನೋವು ಒಂದಿದೆ. ಬ್ಯಾಟರಿ ಸ್ಕೂಟರು. ಸದ್ದೇ ಇಲ್ಲದೆ ಬಂದು ಪಕ್ಕದಲ್ಲಿ ಹಾದುಹೋದಾಗ ಜೀವ ಬಾಯಿಗೆ ಬರುತ್ತದೆ.

ರಸ್ತೆ ಬದಿಯ ಆ ಹಳದಿ ಟೈಲ್ಸ್ ಯಾಕೆ?

ನಮಗೆ. ಉದ್ದ ಗೆರೆ ಇದ್ದರೆ 'ನಡೆ', ಗುಂಡು ಚುಕ್ಕೆ ಇದ್ದರೆ 'ನಿಲ್ಲು, ಮುಂದೆ ಏನೋ ಇದೆ'. ಜಪಾನಿನ ಸೇಯಿಚಿ ಮಿಯಾಕೆ ಇದನ್ನು ರೂಪಿಸಿದರು. 1967ರಲ್ಲಿ ಒಕಯಾಮಾ ನಗರದ ರಸ್ತೆಯಲ್ಲಿ ಮೊದಲು ಹಾಕಿದರು. ಹಳದಿ ಬಣ್ಣ ಮಂದದೃಷ್ಟಿಯವರಿಗಾಗಿ. ಅದರ ಮೇಲೆ ಬೈಕು ನಿಲ್ಲಿಸುವುದು ನಮ್ಮಲ್ಲಿ ಸೇರಿಕೊಂಡ ಪದ್ಧತಿ.

ನೋಟು ಹೇಗೆ ಗುರುತು ಹಿಡೀತೀರಿ?

ಮೊದಲು ಸುಲಭ ಇತ್ತು. 2016ಕ್ಕೆ ಮುಂಚಿನ ನೋಟುಗಳಲ್ಲಿ ನೂರಕ್ಕೂ ಐನೂರಕ್ಕೂ ಉದ್ದದಲ್ಲಿ 10 ಮಿಲಿಮೀಟರ್ ವ್ಯತ್ಯಾಸ. ಬೆರಳಿಗೆ ತಕ್ಷಣ ಸಿಗುತ್ತಿತ್ತು. ಹೊಸ ನೋಟಿನಲ್ಲಿ ನೂರು 142 ಮಿಮೀ, ಇನ್ನೂರು 146, ಐನೂರು 150. ಅಗಲ ಮೂರಕ್ಕೂ ಒಂದೇ, 66. ನಾಲ್ಕು ಮಿಲಿಮೀಟರ್ ಅಂದರೆ ಒಂದು ಅಕ್ಕಿಕಾಳಿನಷ್ಟೂ ಉದ್ದ ಇಲ್ಲ. ಅಂಚಿನಲ್ಲಿ ಉಬ್ಬಿದ ಗೆರೆಗಳಿವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ವೃತ್ತ. ಗರಿಗರಿ ನೋಟಿನಲ್ಲಿ ಅವು ಸಿಗುತ್ತವೆ. ಮೀನು ಮಾರುಕಟ್ಟೆ ಸುತ್ತಿ ಬಂದ ನೋಟಿನಲ್ಲಿ ಸವೆದಿರುತ್ತವೆ.

ರಿಸರ್ವ್ ಬ್ಯಾಂಕಿನ 'ಮಣಿ' ಅನ್ನುವ ಆ್ಯಪ್ 2020ರ ಜನವರಿ 1ರಂದು ಬಂತು. ನೋಟನ್ನು ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಇಂಟರ್ನೆಟ್ ಬೇಡ. ನೆಟ್‌ವರ್ಕೇ ಸಿಗದ ನಮ್ಮ ಕಡೆ ಇದೇ ದೊಡ್ಡ ಗುಣ. ನಾನು ಪರ್ಸಿನಲ್ಲಿ ಐನೂರನ್ನು ಉದ್ದಕ್ಕೆ ಮಡಚಿಡುತ್ತೇನೆ, ಇನ್ನೂರನ್ನು ಅಡ್ಡಕ್ಕೆ, ನೂರನ್ನು ಮಡಚುವುದೇ ಇಲ್ಲ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ ಇರುವುದು ಬಹಳ ಒಳ್ಳೆಯದಾಯಿತು.

ಬ್ಯಾಂಕಿಗೆ ಒಬ್ಬರೇ ಹೋಗ್ತೀರಾ?

ಹೋಗುತ್ತೇನೆ. ಮೊದಲ ಸಲ ಒಂದು ಬ್ಯಾಂಕಿನಲ್ಲಿ ಎಟಿಎಂ ಕಾರ್ಡ್ ಕೇಳಿದಾಗ 'ನಿಮಗೆ ಕಷ್ಟ ಆಗುತ್ತೆ ಮೇಡಂ, ಮನೆಯವರನ್ನು ಕರ್ಕೊಂಡು ಬನ್ನಿ' ಅಂದರು. ನಾನು ಸಹಿ ಹಾಕುತ್ತೇನೆ ಅಂದರೂ ಹೆಬ್ಬೆಟ್ಟಿನ ಪ್ಯಾಡ್ ಮುಂದಿಟ್ಟರು. ಕಣ್ಣು ಕಾಣದವರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಪ್ರತಿ ಈಗ ನನ್ನ ಬ್ಯಾಗಿನಲ್ಲೇ ಇರುತ್ತದೆ. ಮೂರು ಸಲ ತೆಗೆದು ತೋರಿಸಿದ್ದೇನೆ.

ಮೊಬೈಲ್ ಹೇಗೆ ಬಳಸ್ತೀರಿ?

ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಇದೆ. ನಿಮ್ಮ ಫೋನಿನಲ್ಲೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಬೆರಳಿಟ್ಟದ್ದನ್ನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಐಫೋನಿನಲ್ಲಿ ಅದರ ಹೆಸರು ವಾಯ್ಸ್‌ಓವರ್. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಅದು ಉಚಿತ. ಇವೆಲ್ಲ ಕನ್ನಡವನ್ನೂ ಓದುತ್ತವೆ. ನಾನು ಇಟ್ಟುಕೊಂಡಿರುವ ವೇಗ ಕೇಳಿದರೆ ಬೇರೆಯವರಿಗೆ ಜೀರುಂಡೆ ಕೂಗಿದ ಹಾಗೆ ಅನ್ನಿಸುತ್ತದಂತೆ.

ಎಡವಟ್ಟು ಆಗುವುದು ಎರಡು ಕಡೆ. ಒಂದು, ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ. ಅದು ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫೋನು ಅದನ್ನೇ ಓದುತ್ತದೆ. ಒಮ್ಮೆ ಒಂದು ಕಚೇರಿಯಿಂದ ಬಂದ ಆದೇಶ ತೆರೆದರೆ ಹತ್ತು ನಿಮಿಷ ಬರೀ 'ಪಿ, ಎ, ಪೌಂಡ್, ಎ' ಅಂತ ಮಂತ್ರ ಹೇಳಿತು. ಯೂನಿಕೋಡ್‌ನಲ್ಲಿ ಬರೆದರೆ ಈ ರಗಳೆಯೇ ಇಲ್ಲ. ಎರಡನೆಯದು ಫೋಟೋ. ಮದುವೆ ಕರೆಯೋಲೆ, ಸಾವಿನ ಸುದ್ದಿ, ಕಾಲೇಜಿನ ಸುತ್ತೋಲೆ, ಎಲ್ಲ ವಾಟ್ಸಾಪಿನಲ್ಲಿ ಚಿತ್ರವಾಗಿ ಬರುತ್ತದೆ. ಫೋನು 'ಫೋಟೋ' ಅಂತ ಹೇಳಿ ಸುಮ್ಮನಾಗುತ್ತದೆ. ದೊಡ್ಡಮ್ಮನ ಮಗಳ ಗೃಹಪ್ರವೇಶ ನನಗೆ ಗೊತ್ತಾದದ್ದು ಮುಗಿದು ಎರಡು ದಿನದ ಮೇಲೆ. ಕೆಳಗೆ ಒಂದು ಸಾಲು ಬರೆಯಿರಿ, ಅಷ್ಟೇ. ಬರೆಯಲು ಬೇಜಾರಾದರೆ ಮಾತಾಡಿ ಕಳಿಸಿ.

ಕಣ್ಣು ಮಿಟುಕಿಸಿ, ಚೌಕದೊಳಗೆ ಮುಖ ಇಡಿ ಅಂತ ಕೇಳುವ ಕೆವೈಸಿ (ಗ್ರಾಹಕರ ಗುರುತಿನ ಪರೀಕ್ಷೆ) ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಡಿಜಿಟಲ್ ಸೇವೆ ಎಲ್ಲರ ಕೈಗೂ ಎಟುಕುವುದು ಬದುಕುವ ಹಕ್ಕಿನದ್ದೇ ಭಾಗ ಅಂತ ಹೇಳಿದೆ.

ಹಾಗಾದರೆ ಬ್ರೈಲ್ ಹಳೇದಾಯ್ತಾ?

ಇಲ್ಲ. ಕೇಳಿ ಕಲಿತವರಿಗೆ ಕಾಗುಣಿತ ಬರುವುದಿಲ್ಲ. 'ಹಾಳೆ' ಮತ್ತು 'ಹಾಲೆ' ಬೇರೆ ಅಂತ ಬೆರಳಿಗೆ ಗೊತ್ತಾಗಬೇಕು. ಆರು ಚುಕ್ಕೆಯ ಈ ಲಿಪಿಯನ್ನು ಭಾರತದ ಭಾಷೆಗಳಿಗೆ ಹೊಂದಿಸಿ ಭಾರತಿ ಬ್ರೈಲ್ ಅಂತ 1951ರಲ್ಲಿ ಒಪ್ಪಿಕೊಂಡರು. ಕನ್ನಡದ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಒಂದೇ ಚುಕ್ಕೆಗಳು. ಎಡಸಾಲಿನಲ್ಲಿ ಮೇಲಿಂದ 1, 2, 3, ಬಲಸಾಲಿನಲ್ಲಿ 4, 5, 6 ಅಂತ ಎಣಿಸಿ. 'ಕ' ಅಂದರೆ 1 ಮತ್ತು 3. 'ಮ' ಅಂದರೆ 1, 3, 4. 'ಲ' ಅಂದರೆ 1, 2, 3. ಮೂರನ್ನೂ ಸಾಲಾಗಿ ಚುಚ್ಚಿದರೆ 'ಕಮಲ'. ನೀವು ಈಗಷ್ಟೇ ಬ್ರೈಲಿನಲ್ಲಿ ಒಂದು ಪದ ಕಲಿತಿರಿ.

ದೊಡ್ಡವಳಾದ ಮೇಲೆ ಕಲಿತ ಕಾರಣ ನನ್ನ ಓದು ನಿಧಾನ. ಚಿಕ್ಕಂದಿನಿಂದ ಕಲಿತ ಮಕ್ಕಳ ಬೆರಳು ಹಾಳೆ ಮೇಲೆ ಹರಿಯುವುದನ್ನು ಕೇಳುವುದೇ ಒಂದು ಸಂತೋಷ.

ಪರೀಕ್ಷೆ ಹೇಗೆ ಬರೆದ್ರಿ?

ನಾನು ಹೇಳಿದೆ, ಬರಹಗಾರರು ಬರೆದರು. ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಬರಹಗಾರರು ಎಂಥವರು ಸಿಗುತ್ತಾರೆ ಅನ್ನುವುದು ಹಣೆಬರಹ. ಪದವಿಯ ಪರೀಕ್ಷೆಯಲ್ಲಿ ನಾನು '1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡ' ಅಂತ ಹೇಳಿದೆ. ಆ ಹುಡುಗಿ ಬೀದರ್ ಅಂತ ಬರೆದಿದ್ದಳು. ಕೊನೆಗೆ ಓದಿ ಹೇಳು ಅಂದಾಗ ಗೊತ್ತಾಯಿತು. ಬಿದನೂರು ಅಂದರೆ ನಮ್ಮ ಹೊಸನಗರ ತಾಲ್ಲೂಕಿನ ಈಗಿನ ನಗರ. ಅದನ್ನು ಎತ್ತಿ ಬಹಮನಿ ಸೀಮೆಗೆ ಹಾಕಿದ್ದಳು!

ಕೆಲಸದ ವಿಷಯಕ್ಕೆ ಬಂದರೆ, ಸರ್ಕಾರಿ ಹುದ್ದೆಯಲ್ಲಿ ಅಂಗವಿಕಲರಿಗಿರುವ ಶೇ. 4ರ ಮೀಸಲಾತಿಯಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಕಣ್ಣು ಕಾಣದವರು ನ್ಯಾಯಾಧೀಶರೂ ಆಗಬಹುದು ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ.

ಮದುವೆ ಆಗಿದೆಯಾ? ಅಡುಗೆ ಯಾರು ಮಾಡ್ತಾರೆ?

ಆಗಿದೆ. ನಾನು ಮಾಡುತ್ತೇನೆ. ಅವರೂ ಮಾಡುತ್ತಾರೆ.

ಸಾಸಿವೆ ಚಟಪಟ ನಿಂತರೆ ಒಗ್ಗರಣೆ ಆಯಿತು. ದೋಸೆಯ ಸುಂಯ್ ಸದ್ದು ಇಳಿದರೆ ಮಗುಚಬೇಕು. ಚೊಂಬು ತುಂಬುತ್ತಾ ಬಂದ ಹಾಗೆ ನೀರಿನ ದನಿ ಏರುತ್ತದೆ. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ನನ್ನ ಅಡುಗೆಮನೆಯ ಶತ್ರು ಬೆಂಕಿ ಅಲ್ಲ, 'ಸ್ವಲ್ಪ ನೀಟಾಗಿ ಜೋಡಿಸಿಟ್ಟೆ ಕಣೇ' ಅನ್ನುವ ನೆಂಟರು.

ಮದುವೆ, ಪೂಜೆ, ಜಾತ್ರೆಗೆಲ್ಲ ಬರ್ತೀರಾ?

ಬರುತ್ತೇನೆ. ಊಟದ ಪಂಕ್ತಿ ಇದ್ದರೆ ಖುಷಿಯಿಂದ ಬರುತ್ತೇನೆ. ನಮ್ಮ ಬಾಳೆ ಎಲೆಯಷ್ಟು ಅನುಕೂಲದ ತಟ್ಟೆ ಇನ್ನೊಂದಿಲ್ಲ. ತುದಿ ಎಡಕ್ಕೆ. ಮೇಲಿನ ಎಡಮೂಲೆಯಲ್ಲಿ ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ ನನ್ನೆದುರು. ಯಾರೂ ಹೇಳಿಕೊಡಬೇಕಿಲ್ಲ. ಬಡಿಸುವವರು 'ಸಾರು ಸಾರು', 'ಪಾಯಸ' ಅಂತ ಕೂಗಿಕೊಂಡೇ ಬರುತ್ತಾರೆ. ಬಫೆ ಬಂದು ಇದನ್ನೆಲ್ಲ ಕೆಡಿಸಿತು. ಒಂದು ಕೈಯಲ್ಲಿ ತಟ್ಟೆ, ಒಂದರಲ್ಲಿ ಕೋಲು, ಎದುರಿಗೆ ನುಗ್ಗುವ ಜನ. ಬಫೆ ಅಂದರೆ ಮನೆಯಲ್ಲೇ ಮಜ್ಜಿಗೆ ಅನ್ನ ಉಂಡು ಹೋಗುತ್ತೇನೆ.

ಮದುವೆಮನೆಯ ಇನ್ನೊಂದು ಕಾಟ 'ನಾನು ಯಾರು ಹೇಳು ನೋಡೋಣ'. ಹತ್ತು ವರ್ಷದ ಮೇಲೆ ಸಿಕ್ಕ ಸೋದರತ್ತೆ ನಾದಸ್ವರದ ಪಕ್ಕ ನಿಂತು ಹೀಗೆ ಕೇಳಿದರೆ ಏನು ಹೇಳಲಿ? ತಪ್ಪು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಸರಿ ಹೇಳಿದರೆ 'ಇವಳಿಗೆ ಕಾಣಿಸುತ್ತೆ' ಅನ್ನುತ್ತಾರೆ.

ದೇವಸ್ಥಾನದಲ್ಲಿ ಆರತಿ ತಟ್ಟೆ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಕಾವಿಗೆ ಅಂದಾಜು ಮಾಡಿ ಕೈಚಾಚಿ ಒಮ್ಮೆ ಬೆರಳು ಸುಟ್ಟುಕೊಂಡಿದ್ದೇನೆ. 'ಆರತಿ ತಗೊಳ್ಳಿ, ಬಲಗಡೆ' ಅಂದರೆ ಆಯಿತು.

ಜೋಗಕ್ಕೆ, ಯಕ್ಷಗಾನಕ್ಕೆ ಹೋಗಿ ಏನು ಮಾಡ್ತೀರಿ?

ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ರಾಜ, ರಾಣಿ, ರಾಕೆಟ್ ಅನ್ನುವ ಹೆಸರು ಕಣ್ಣಿರುವವರು ಇಟ್ಟದ್ದಿರಬೇಕು. ರೋರರ್ ಅಂದರೆ ಮೊರೆಯುವವನು. ಆ ಒಂದು ಹೆಸರು ಕಿವಿಯಿಂದ ಬಂದದ್ದು. ಮಳೆಗಾಲದಲ್ಲಿ ಆ ಮೊರೆತ ಎದೆಗೆ ಬಡಿಯುತ್ತದೆ, ಮುಖಕ್ಕೆ ನೀರಿನ ಹನಿ ಬರುತ್ತದೆ. ಮಂಜು ಮುಚ್ಚಿ ನೀವೆಲ್ಲ 'ಏನೂ ಕಾಣ್ತಿಲ್ಲ' ಅಂತ ವಾಪಸು ಹೋಗುವ ದಿನ ನಾನು ನಿಂತಿರುತ್ತೇನೆ.

ಯಕ್ಷಗಾನದಲ್ಲಿ ಕುಣಿತ ತಪ್ಪಿಹೋಗುತ್ತದೆ, ನಿಜ. ತಾಳಮದ್ದಳೆಯಲ್ಲಿ ಏನೂ ತಪ್ಪುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಅರ್ಥಧಾರಿಗಳ ವಾದ. ಮಳೆಗಾಲದ ರಾತ್ರಿ ಯಾರದೋ ಜಗಲಿಯಲ್ಲಿ ಕರ್ಣ ಶಲ್ಯನ ಮಾತಿಗೆ ಮಾತು ಕೊಡುವಾಗ ಅಲ್ಲಿರುವ ಎಲ್ಲರೂ ಕಿವಿಯಲ್ಲೇ ನೋಡುತ್ತಿರುತ್ತಾರೆ.

ಕಣ್ಣು ಕಾಣದವರು ಕ್ರಿಕೆಟ್ ಆಡ್ತಾರಂತೆ?

ಆಡುತ್ತಾರೆ, ಗೆದ್ದೂ ಬರುತ್ತಾರೆ. ಶೇಖರ್ ನಾಯ್ಕ್ ನಮ್ಮ ಶಿವಮೊಗ್ಗ ಜಿಲ್ಲೆಯವರೇ. ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಓದಿದವರು. ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್, 2014ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಏಕದಿನ ವಿಶ್ವಕಪ್ ಗೆದ್ದಿತು. ಎರಡೂ ಫೈನಲ್ ಪಾಕಿಸ್ತಾನದ ಮೇಲೆ. 2017ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಕೊಲಂಬೋದಲ್ಲಿ ಫೈನಲ್ ನಡೆದ ಮಹಿಳೆಯರ ಮೊದಲ ಅಂಧರ ಟಿ20 ವಿಶ್ವಕಪ್ ಕೂಡ ಭಾರತದ ಹುಡುಗಿಯರದ್ದೇ.

ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದ್ದು, ಒಳಗೆ ಗುಂಡುಗಳಿದ್ದು ಗಲಗಲ ಅನ್ನುತ್ತದೆ. ಕೈ ಕೆಳಗಿನಿಂದ ಎಸೆಯಬೇಕು. ಬೌಲರ್ 'ರೆಡಿ?' ಅಂತ ಕೇಳಿ, ಬ್ಯಾಟ್ಸ್‌ಮನ್ 'ಯೆಸ್' ಅಂದ ಮೇಲೆ 'ಪ್ಲೇ' ಅಂತ ಹೇಳಿಯೇ ಬಿಡಬೇಕು. ಪೂರ್ತಿ ಕಾಣದವರು ಹೊಡೆದ ಓಟ ಎರಡರಷ್ಟು ಲೆಕ್ಕ. ಪ್ರೇಕ್ಷಕರು ಚೆಂಡು ಬರುವಾಗ ಬಾಯಿಮುಚ್ಚಿಕೊಂಡಿರಬೇಕು. ನಮ್ಮ ಜನಕ್ಕೆ ಇದೇ ಕಷ್ಟದ ನಿಯಮ.

ಕಣ್ಣು ಹೋದರೆ ಕಿವಿ ಜಾಸ್ತಿ ಚುರುಕಾಗುತ್ತಂತೆ, ಹೌದಾ?

ಕಿವಿ ಅದೇ. ಗಮನ ಜಾಸ್ತಿ. ಅಡಕೆ ಸುಲಿಯುವವರು ಕತ್ತಿ ನೋಡದೆಯೇ ಮಾತಾಡುತ್ತಾ ಸುಲಿಯುವುದಿಲ್ವಾ? ಹಾಗೆ, ಅಭ್ಯಾಸ.

ಮನೆಯಲ್ಲಿ ಒಬ್ಬರಿಗೆ ದೃಷ್ಟಿ ಕಡಿಮೆಯಾಗ್ತಿದೆ. ಏನು ಮಾಡಲಿ?

ಮೊದಲು ಕಣ್ಣಿನ ಡಾಕ್ಟರ ಹತ್ತಿರ. ವಯಸ್ಸಾದವರಲ್ಲಿ ಬಹಳಷ್ಟು ಸಲ ಅದು ಪೊರೆ, ಆಪರೇಷನ್ ಆದರೆ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಬೇಕು. ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಸದ್ದಿಲ್ಲದೆ ಬರುತ್ತದೆ, ಹೋದ ನೋಟ ವಾಪಸು ಬರುವುದಿಲ್ಲ. 'ದೃಷ್ಟಿ ತೆಗೆಸೋಣ' ಅಂತ ಆರು ತಿಂಗಳು ಕಳೆಯಬೇಡಿ.

ವಾಸಿಯಾಗದ್ದು ಅಂತಾದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಇದ್ದರೆ ಬಹುತೇಕ ಸೌಲಭ್ಯ ಸಿಗುತ್ತವೆ. ಎಷ್ಟು ಶೇಕಡಾ ಅಂತ ಕಾರ್ಡಿನ ಬಣ್ಣ ನೋಡಿಯೇ ತಿಳಿಯಬಹುದಂತೆ, ಹಳದಿ, ನೀಲಿ. ಯಾರು ಯೋಚಿಸಿದರೋ! ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ಅವರು ಸಹಾಯ ಮಾಡುತ್ತಾರೆ.

ಮನೆಯಲ್ಲಿ ಇವತ್ತೇ ಮಾಡಬಹುದಾದ್ದೂ ಇದೆ. ಮೆಟ್ಟಿಲಿನ ಅಂಚಿಗೆ ಹಳದಿ ಪೇಂಟು. ಕಪ್ಪು ಲೋಟದಲ್ಲಿ ಹಾಲು, ಬಿಳಿ ಲೋಟದಲ್ಲಿ ಕಷಾಯ. ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಗುರುತು ನನ್ನ ಹುಬ್ಬಿನ ಮೇಲೆ ಇನ್ನೂ ಇದೆ. ಮತ್ತೆ, ಅವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ. ಹೂ ಕಟ್ಟುವವರು ಕಟ್ಟಲಿ.

ರಸ್ತೆಯಲ್ಲಿ ಸಿಕ್ಕರೆ ಮಾತಾಡಿಸಬಹುದಾ?

ಮಾತಾಡಿಸಿ. ಮೊದಲು ನಿಮ್ಮ ಹೆಸರು ಹೇಳಿ. ದಾಟಿಸಬೇಕಾ ಅಂತ ಕೇಳಿ, ಹೂಂ ಅಂದರೆ ನಿಮ್ಮ ಮೊಣಕೈ ಕೊಡಿ. ನಾನು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತೇನೆ. ಕೋಲು ಹಿಡಿದು ಎಳೆಯಬೇಡಿ. ಹೊರಡುವಾಗ 'ಬರ್ತೀನಿ' ಅಂತ ಹೇಳಿ ಹೋಗಿ. ಕಳೆದ ವಾರ ದುರ್ಗಿಗುಡಿಯಲ್ಲಿ ಒಬ್ಬರ ಜೊತೆ ಐದು ನಿಮಿಷ ಅಡಕೆ ರೇಟಿನ ಬಗ್ಗೆ ಮಾತಾಡಿದೆ. ಅವರು ಯಾವಾಗಲೋ ಹೋಗಿದ್ದರು. ಪಕ್ಕದ ಎಳನೀರಿನವನು ಹೇಳಿದ, 'ಅಕ್ಕಾ, ಅವ್ರು ಆಗ್ಲೇ ಹೋದ್ರು. ನೀವು ಹೇಳಿ, ನಾನು ಕೇಳ್ತಿದೀನಿ.'